ಮೂರು ತಿಂಗಳು ತುಂಬುವವರೆಗೆ ಕಾಯಬೇಕೆ?

ಪ್ರಶ್ನೆ: ನನಗೆ 27 ವರ್ಷ. ಕೊನೆಯ ಬಾರಿ ಮುಟ್ಟಾಗಿ ಇಂದಿಗೆ 44 ದಿನಗಳಾಗಿದ್ದು, ಮನೆಯಲ್ಲೇ ಮಾಡಿಕೊಂಡ ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿವೆ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಮೊನ್ನೆ ಒಳ ಉಡುಪಿನಲ್ಲಿ ಕಂದು ಬಣ್ಣದ ಸಣ್ಣ ಕಲೆ ಕಂಡಿತು, ನೋವಿರಲಿಲ್ಲ. ಥೈರಾಯ್ಡ್ ಕಡಿಮೆ ಇದೆಯೆಂದು ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಮಗುವಿಗೆ ತೊಂದರೆಯಾದೀತೆಂದು ಮೂರು ದಿನದಿಂದ ಬಿಟ್ಟಿದ್ದೇನೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ಆಸ್ಪತ್ರೆಗೂ ಹೋಗಬಾರದು ಎನ್ನುತ್ತಾರೆ ಅತ್ತೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಉತ್ತರ: ಮೊದಲನೆಯದಾಗಿ, ಆ ಮಾತ್ರೆಯನ್ನು ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಆರಂಭಿಸಿ. ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯ್ಡ್ ಗ್ರಂಥಿ ಇನ್ನೂ ಕೆಲಸ ಆರಂಭಿಸಿರುವುದಿಲ್ಲವಾದ್ದರಿಂದ, ಅದರ ಮಿದುಳಿನ ಬೆಳವಣಿಗೆಗೆ ಬೇಕಾದ ಹಾರ್ಮೋನು ತಾಯಿಯಿಂದಲೇ ಹೋಗಬೇಕು. ಬಸಿರಾದಾಗ ಈ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬರುವುದೇ ಸಾಮಾನ್ಯ. ಎಷ್ಟು ಎಂಬುದನ್ನು ಟಿಎಸ್‌ಎಚ್ ರಕ್ತಪರೀಕ್ಷೆ ನೋಡಿ ವೈದ್ಯರು ಹೇಳುತ್ತಾರೆ. ನೀವು ಈ ವಾರವೇ ಆಸ್ಪತ್ರೆಗೆ ಹೋಗಬೇಕೆನ್ನಲು ಇದೊಂದೇ ಕಾರಣ ಸಾಕು.

ಗರ್ಭದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ. ಆ ಲೆಕ್ಕದಲ್ಲಿ ನಿಮಗೆ ಆರು ವಾರ ತುಂಬಿ ಏಳನೆಯದು ನಡೆಯುತ್ತಿದೆ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು, ಹೃದಯ ಮಿಡಿಯತೊಡಗುವುದು ಈ ಸುಮಾರಿಗೇ. ಮೂರು ತಿಂಗಳು ತುಂಬುವಷ್ಟರಲ್ಲಿ ಮುಖ್ಯ ಅಂಗಗಳೆಲ್ಲ ರೂಪುಗೊಂಡಾಗಿರುತ್ತವೆ. ಗರ್ಭ ಕಳೆದುಹೋಗುವ ಸಂಭವ ಮೊದಲ ಮೂರು ತಿಂಗಳಲ್ಲೇ ಹೆಚ್ಚು ಎಂಬುದನ್ನು ಕಂಡುಂಡವರ ಭಯ ನಿಮ್ಮ ಅತ್ತೆಯ ಮಾತಿನಲ್ಲಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ನೆರೆಹೊರೆಗೆ ಹೇಳದಿದ್ದರೆ ನಷ್ಟವೇನೂ ಇಲ್ಲ. ವೈದ್ಯರಿಗೆ ಮಾತ್ರ ಈಗಲೇ ಹೇಳಬೇಕು. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಇಂದೇ ಶುರುಮಾಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಾಯಿ ಕಾರ್ಡ್ ಮಾಡಿಸಿಕೊಡುತ್ತಾರೆ.

ಕಂದು ಕಲೆ ಎಂದರೆ ಹಳೆಯ ರಕ್ತ. ಹೀಗೆ ಕಂಡ ಎಷ್ಟೋ ತಾಯಂದಿರಿಗೆ ಸುಸೂತ್ರವಾಗಿ ಹೆರಿಗೆಯಾಗಿದೆ. ಆದರೂ ಗರ್ಭ ಅಂಡನಾಳದಲ್ಲಿ ನಿಲ್ಲದೆ ಗರ್ಭಕೋಶದೊಳಗೇ ನಿಂತಿದೆಯೆಂದು ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಹೃದಯ ಬಡಿತ ಇನ್ನೂ ಕಾಣುತ್ತಿಲ್ಲ, ವಾರ ಬಿಟ್ಟು ಬನ್ನಿ ಎಂದರೆ ಎದೆಗುಂದಬೇಡಿ. ಅಂಡ ಬಿಡುಗಡೆಯಾಗುವುದು ನಾಲ್ಕು ದಿನ ತಡವಾಗಿದ್ದರೂ ಹಾಗಾಗುತ್ತದೆ. ಆದರೆ ಕೆಂಪು ರಕ್ತ ಹೋಗತೊಡಗಿದರೆ, ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ನೋವು ಕಾಣಿಸಿದರೆ, ಹೆಗಲ ತುದಿ ನೋಯತೊಡಗಿದರೆ ಅಥವಾ ತಲೆಸುತ್ತಿ ಬಿದ್ದರೆ ರಾತ್ರಿಯೆಂದು ನೋಡದೆ 108ಕ್ಕೆ ಕರೆ ಮಾಡಿ.

ವಾಕರಿಕೆ ಒಂಬತ್ತನೆಯ ವಾರದ ಹೊತ್ತಿಗೆ ಇನ್ನಷ್ಟು ಹೆಚ್ಚಬಹುದು. ಸಾಮಾನ್ಯವಾಗಿ ನಾಲ್ಕನೆಯ ತಿಂಗಳಲ್ಲಿ ಇಳಿಯುತ್ತದೆ. ನಿಮ್ಮ ಕಡೆಯ ಮಂಡಕ್ಕಿಯನ್ನೇ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು, ಏಳುವ ಮೊದಲು ಒಂದು ಹಿಡಿ ಒಣಗಾಗಿ ತಿನ್ನಿ. ಒಗ್ಗರಣೆಯ ಕೆಲಸವನ್ನು ಕೆಲವು ವಾರ ಮನೆಯ ಬೇರೆಯವರು ಮಾಡಲಿ. ಕುಡಿದ ನೀರೂ ನಿಲ್ಲದೆ ಮೂತ್ರ ಕಡು ಹಳದಿಯಾದರೆ ಮಾತ್ರ ಅದನ್ನು ಬಸಿರಿನ ಸಹಜ ಸಂಕಟವೆಂದು ಸಹಿಸಬೇಡಿ, ಡ್ರಿಪ್ ಹಾಕಿಸಬೇಕಾದೀತು.

ಆಸ್ಪತ್ರೆಗೆ ಹೋಗುವಾಗ ಕೊನೆಯ ಮುಟ್ಟಿನ ತಾರೀಖನ್ನು ಬರೆದುಕೊಳ್ಳಿ, ಹಳೆಯ ಥೈರಾಯ್ಡ್ ವರದಿಯನ್ನು ಮರೆಯಬೇಡಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದೊಯ್ಯಿರಿ.