ಫಾಂಟ್ ಫೋಲ್ಡರ್‌ನಲ್ಲಿ ತಾನಾಗಿ ಹುಟ್ಟುವ ‘ಅಡೋಬ್‌ಎಫ್‌ಎನ್‌ಟಿ’ ಫೈಲ್ ವೈರಸ್ಸಾ? ಅಳಿಸಬಹುದಾ?

ನೀವು ಕೇಳಿದ್ದು ಇಷ್ಟು: ಪುಟ ವಿನ್ಯಾಸಕ್ಕೆ ಬಳಸುವ ಅಡೋಬ್‌ನ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಸ್ಮರಣಸಂಚಿಕೆ ಮಾಡುತ್ತಿದ್ದೀರಿ. ಕೆಲಸದ ಫೋಲ್ಡರ್ ಒಳಗೆ ‘ಅಡೋಬ್‌ಎಫ್‌ಎನ್‌ಟಿ’ ಅಂತ ಶುರುವಾಗಿ, ಒಂದು ನಂಬರ್ ಇದ್ದು, ‘ಎಲ್‌ಎಸ್‌ಟಿ’ ಅಂತ ಮುಗಿಯುವ ಫೈಲ್ ಕಾಣಿಸುತ್ತದೆ. ಅಳಿಸಿದರೆ ಮತ್ತೆ ಬರುತ್ತದೆ. ವೈರಸ್ ಇರಬಹುದಾ, ಅಕ್ಷರ ಕೆಡುವುದಕ್ಕೂ ಇದೇ ಕಾರಣವಾ ಅನ್ನುವುದು ನಿಮ್ಮ ಅನುಮಾನ.

ವೈರಸ್ ಅಲ್ಲ, ಹೆದರಬೇಡಿ. ಶಿವಮೊಗ್ಗದಲ್ಲಿ ಡಿಟಿಪಿ ಮಾಡುವ ನನ್ನ ಕಂಪ್ಯೂಟರ್‌ನಲ್ಲೂ ಇದು ದಿನಾ ಬರುತ್ತದೆ. ಇನ್‌ಡಿಸೈನ್ ಪ್ರತಿ ಸಲವೂ ಎಲ್ಲ ಫಾಂಟ್ ಬಿಚ್ಚಿ ನೋಡುತ್ತಾ ಕೂತರೆ ತುಂಬಾ ಹೊತ್ತು ಬೇಕು. ಅದಕ್ಕೇ ಒಂದು ಸಲ ನೋಡಿ, ಯಾವ ಫಾಂಟ್ ಎಲ್ಲಿದೆ ಅಂತ ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿಯೇ ಈ ಫೈಲ್, ಇಂಥದ್ದಕ್ಕೆ ‘ಕ್ಯಾಶ್’ ಅನ್ನುತ್ತಾರೆ. ಅಡಿಕೆ ಮಂಡಿಯಲ್ಲಿ ರಾಶಿ ಅಡಿಕೆ ಎಲ್ಲಿದೆ, ಬೆಟ್ಟೆ ಅಡಿಕೆ ಎಲ್ಲಿದೆ ಅಂತ ಗುಮಾಸ್ತರು ಬರೆದಿಡುವುದಿಲ್ವಾ, ಹಾಗೆ. ಪಟ್ಟಿ ಹರಿದು ಹಾಕಿದರೆ ಚೀಲಕ್ಕೆ ಏನೂ ಆಗುವುದಿಲ್ಲ. ಇನ್ನೊಂದು ಸಲ ಬರೆಯಬೇಕು, ಅಷ್ಟೇ. ಹಾಗಾಗಿ ಇನ್‌ಡಿಸೈನ್ ಮುಚ್ಚಿಕೊಂಡು ಧಾರಾಳವಾಗಿ ಅಳಿಸಿ. ಪಕ್ಕದಲ್ಲೇ ಇರುವ ಟಿಟಿಎಫ್, ಒಟಿಎಫ್ ಫೈಲ್‌ಗಳನ್ನು ಮಾತ್ರ ಮುಟ್ಟಬೇಡಿ. ಅವೇ ನಿಜವಾದ ಫಾಂಟ್‌ಗಳು.

ಆದರೆ ಅಳಿಸುವ ಮೊದಲು ಆ ಫೈಲ್ ಎಲ್ಲಿ ಕೂತಿದೆ ಅಂತ ನೋಡಿ. ಇನ್‌ಡಿಸೈನ್ ಎಲ್ಲಿಂದ ಫಾಂಟ್ ಎತ್ತಿಕೊಳ್ಳುತ್ತದೋ ಅಲ್ಲೇ ಈ ಪಟ್ಟಿ ಬರೆಯುವುದು ಜಾಸ್ತಿ. ಇದು ನನಗೆ ಗೊತ್ತಾಗಿದ್ದು ಒಂದು ರಾತ್ರಿಯೆಲ್ಲ ಒದ್ದಾಡಿದ ಮೇಲೆ.

ಮಹಾಸಭೆಗಳ ಕಾಲ, ಅಂದರೆ ಆಗಸ್ಟ್-ಸೆಪ್ಟೆಂಬರ್. ಸಹಕಾರ ಸಂಘವೊಂದರ ವಾರ್ಷಿಕ ವರದಿ ಕೈಯಲ್ಲಿತ್ತು. ಹಿಂದಿನ ವರ್ಷದ ಫೋಲ್ಡರ್ ನಕಲು ಮಾಡಿಕೊಂಡು, ಅಂಕಿ ಬದಲಿಸುತ್ತಾ ಹೋಗಿದ್ದೆ. ಆಢಾವೆ ಪತ್ರಿಕೆಯ ಪುಟಕ್ಕೆ ಬಂದಾಗ ರೂಪಾಯಿ ಚಿಹ್ನೆ ಇರಬೇಕಾದ ಕಡೆಯೆಲ್ಲ ಖಾಲಿ ಚೌಕ. ಬಲಗಡೆಯ ಕಾಲಂನಲ್ಲಿ ಮೇಲಿಂದ ಕೆಳಗೆ ಚೌಕಗಳ ಸಾಲು. ಅದೇ ಫಾಂಟ್‌ನಲ್ಲಿ ವರ್ಡ್‌ನಲ್ಲಿ ಟೈಪ್ ಮಾಡಿದರೆ ಚಿಹ್ನೆ ಸರಿಯಾಗಿ ಬರುತ್ತಿತ್ತು. ಕ್ಯಾಶ್ ಅಳಿಸಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ, ಫಾಂಟ್ ತೆಗೆದು ಮತ್ತೆ ಹಾಕಿದೆ. ಚೌಕ ಹೋಗಲಿಲ್ಲ.

ಕೊನೆಗೆ ಕಣ್ಣಿಗೆ ಬಿದ್ದದ್ದು ವರದಿಯ ಫೋಲ್ಡರ್ ಒಳಗಿದ್ದ ‘ಡಾಕ್ಯುಮೆಂಟ್ ಫಾಂಟ್ಸ್’ ಅನ್ನುವ ಫೋಲ್ಡರ್. ಅದರಲ್ಲಿದ್ದ ಫಾಂಟ್‌ಗಳ ತಾರೀಕು ತುಂಬಾ ಹಳೆಯದು. ಅವುಗಳ ಮಧ್ಯೆ ಈ ಎಲ್‌ಎಸ್‌ಟಿ ಫೈಲ್ ಒಂದಕ್ಕೆ ಮಾತ್ರ ಅವತ್ತಿನ ತಾರೀಕು, ಹತ್ತು ನಿಮಿಷದ ಹಿಂದಿನ ಟೈಮು. ಅಂದರೆ ಇನ್‌ಡಿಸೈನ್ ಇಲ್ಲಿಗೆ ಬಂದು ಹೋಗಿದೆ!

ಆಗಿದ್ದು ಇಷ್ಟು. ಫೈಲನ್ನು ಪ್ಯಾಕೇಜ್ ಮಾಡಿದಾಗ, ಅಂದರೆ ಬೇರೆಯವರಿಗೆ ಕೊಡಲು ಬೇಕಾದ್ದನ್ನೆಲ್ಲ ಒಂದೇ ಕಡೆ ಸೇರಿಸಿದಾಗ, ಇನ್‌ಡಿಸೈನ್ ಈ ಫೋಲ್ಡರ್ ಮಾಡಿ, ಫಾಂಟ್‌ಗಳನ್ನು ಅದರೊಳಗೆ ನಕಲು ಮಾಡುತ್ತದೆ. ಆಮೇಲೆ ಅದೇ ಜಾಗದಿಂದ ಡಾಕ್ಯುಮೆಂಟ್ ತೆರೆದರೆ, ವಿಂಡೋಸ್‌ನಲ್ಲಿ ಅದೇ ಹೆಸರಿನ ಫಾಂಟ್ ಇದ್ದರೂ ಅದನ್ನು ಬಿಟ್ಟು ಇದನ್ನೇ ಬಳಸುತ್ತದೆ. ರೂಪಾಯಿ ಚಿಹ್ನೆ ಬಂದಿದ್ದೇ 2010ರಲ್ಲಿ. ಅದಕ್ಕೂ ಮೊದಲಿನ ಫಾಂಟ್‌ನಲ್ಲಿ ಅದು ಎಲ್ಲಿಂದ ಬರಬೇಕು? ವಿಂಡೋಸ್‌ನಲ್ಲಿ ಹೊಸ ಪ್ರತಿ ಇತ್ತು, ಡಾಕ್ಯುಮೆಂಟ್ ಮಾತ್ರ ಹಳೆಯದನ್ನೇ ಹಿಡಿದುಕೊಂಡಿತ್ತು. ಇನ್‌ಡಿಸೈನ್ ಮುಚ್ಚಿ, ಆ ಫೋಲ್ಡರ್ ಹೆಸರನ್ನು ‘ಹಳೆ ಫಾಂಟ್’ ಅಂತ ಬದಲಿಸಿ, ಮತ್ತೆ ತೆರೆದೆ. ಚೌಕವೆಲ್ಲ ರೂಪಾಯಿ ಆಯಿತು.

ನಿಮಗೂ ನನ್ನ ಸಲಹೆ ಅದೇ. ಬೇಕಾದ ಫಾಂಟ್‌ಗಳೆಲ್ಲ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆಗಿದ್ದರೆ ನಿಮ್ಮ ಕೆಲಸದ ಫೋಲ್ಡರ್‌ನಲ್ಲಿ ‘ಡಾಕ್ಯುಮೆಂಟ್ ಫಾಂಟ್ಸ್’ ಬೇಕಾಗಿಲ್ಲ. ಹೆಸರು ಬದಲಿಸಿ. ಅಲ್ಲಿ ಆ ಫೈಲ್ ಹುಟ್ಟುವುದೂ ನಿಲ್ಲುತ್ತದೆ. ಪ್ರೆಸ್‌ಗೆ ಇನ್‌ಡಿಸೈನ್ ಫೈಲನ್ನೇ ಕಳಿಸುವುದಾದರೆ ಮಾತ್ರ ಹೊಸದಾಗಿ ಪ್ಯಾಕೇಜ್ ಮಾಡಿ. ಸಾಧ್ಯವಾದರೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕಳಿಸಿ, ಈ ತಲೆನೋವೇ ಇರುವುದಿಲ್ಲ.

ಅಕ್ಷರ ಕೆಡುತ್ತದೆ ಅಂದಿರಿ, ಹೇಗೆ ಕೆಡುತ್ತದೆ ಅಂತ ಹೇಳಲಿಲ್ಲ. ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಂತರೆ ಕ್ಯಾಶ್ ಅಳಿಸಿ ಪ್ರಯೋಜನ ಇಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ, ಸರಿಹೋಗುತ್ತದೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಂಡರೆ, ಆ ಫಾಂಟ್ ಇನ್‌ಡಿಸೈನ್‌ಗೆ ಸಿಕ್ಕಿಲ್ಲ ಅಂತ ಅರ್ಥ. ಮೊದಲು ಫಾಂಟ್ ಇನ್‌ಸ್ಟಾಲ್ ಆಗಿದೆಯಾ ನೋಡಿ.

ಕ್ಯಾಶ್ ನಿಜವಾಗಿಯೂ ಕೆಡುವುದು ಬೇರೆ ಸಂದರ್ಭದಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಪಟ್ಟಿ ಬರೆಯುತ್ತಿರುವಾಗಲೇ ಕಂಪ್ಯೂಟರ್ ಆಫ್ ಆದರೆ ಅದು ಅರ್ಧಕ್ಕೇ ನಿಲ್ಲಬಹುದು. ಆಮೇಲೆ ಇನ್‌ಸ್ಟಾಲ್ ಆಗಿರುವ ಫಾಂಟ್ ಮೆನುವಿನಲ್ಲಿ ಕಾಣುವುದಿಲ್ಲ, ಇಲ್ಲವೇ ಫಾಂಟ್ ಮೆನು ತೆರೆದ ಕೂಡಲೇ ಇನ್‌ಡಿಸೈನ್ ಹ್ಯಾಂಗ್ ಆಗುತ್ತದೆ. ಆಗ ಎಲ್‌ಎಸ್‌ಟಿ ಫೈಲ್‌ಗಳನ್ನು ಅಳಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ವಿಂಡೋಸ್‌ನ ಕ್ಯಾಶ್ ತೆಗೆಯಿರಿ. ‘ಸರ್ವೀಸಸ್’ ತೆರೆದು ‘ವಿಂಡೋಸ್ ಫಾಂಟ್ ಕ್ಯಾಶ್ ಸರ್ವೀಸ್’ ನಿಲ್ಲಿಸಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಸರ್ವೀಸ್‌ಪ್ರೊಫೈಲ್ಸ್, ಲೋಕಲ್‌ಸರ್ವೀಸ್, ಆಪ್‌ಡೇಟಾ, ಲೋಕಲ್, ಹೀಗೇ ಒಳಗೆ ಹೋದರೆ ‘ಫಾಂಟ್‌ಕ್ಯಾಶ್’ ಸಿಗುತ್ತದೆ. ಅದರೊಳಗಿನ ಫೈಲ್‌ಗಳನ್ನು ಅಳಿಸಿ, ಸರ್ವೀಸ್ ಮತ್ತೆ ಶುರು ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಇದಕ್ಕೆಲ್ಲ ಅಡ್ಮಿನ್ ಅನುಮತಿ ಕೇಳುತ್ತದೆ, ಕೊಡಿ.

ಇನ್‌ಡಿಸೈನ್ ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಪ್ರಿಫರೆನ್ಸ್ ಅಳಿಸಲು ಕೆಲವರು ಹೇಳುತ್ತಾರೆ. ಅದನ್ನು ಕಡೆಗೆ ಇಟ್ಟುಕೊಳ್ಳಿ. ನೀವು ಹೊಂದಿಸಿಕೊಂಡ ಸೆಟ್ಟಿಂಗ್‌ಗಳು ಹೋಗುತ್ತವೆ, ಸುಮ್ನೆ ಒಂದು ದಿನದ ಕೆಲಸ.

ಹೆಸರು ಬದಲಿಸಿದ ಮೇಲೂ ಫೈಲ್ ಬಂದರೆ, ಯಾವ ಫೋಲ್ಡರ್‌ನಲ್ಲಿ ಬಂತು, ಅದರ ಜೊತೆ ಯಾವ ಫಾಂಟ್‌ಗಳಿವೆ ಅಂತ ಬರೆಯಿರಿ. ನೋಡಿ ಹೇಳುತ್ತೇನೆ.