ನಲವತ್ತು ಜನರ ಬಿಸಿಬೇಳೆಬಾತು, ಮತ್ತೆ ಬರಿ ಪಾತ್ರೆಯ ವಿಷಯ

ತುಮಕೂರಿನಿಂದ ಷಿಕಾಗೋಗೆ ಹೊರಟಿರುವ ತಂಗಿಗೆ,

ನೀವು ಕೇಳಿದ್ದು ನಾಲ್ಕು: ಸಾಮಾನು ಏನೇನು ತರಬೇಕು, ಚಳಿ ಹೇಗೆ, ಜನರನ್ನು ಪರಿಚಯ ಮಾಡಿಕೊಳ್ಳುವುದು ಹೇಗೆ, ಬಂದ ಎರಡನೇ ವಾರವೇ ಕನ್ನಡ ಕೂಟದ ಯುಗಾದಿಗೆ ನಲವತ್ತು ಜನಕ್ಕೆ ಬಿಸಿಬೇಳೆಬಾತು ಒಪ್ಪಿಕೊಂಡುಬಿಟ್ಟಿದ್ದೀನಲ್ಲ, ಏನು ಗತಿ. 1999ರಲ್ಲಿ ನಾನಿಲ್ಲಿ ಇಳಿದಾಗ ಪೆಟ್ಟಿಗೆಯಲ್ಲಿ ಮೂರು ಕೆಜಿ ಸಾರಿನ ಪುಡಿ ಇತ್ತು, ಊಟಕ್ಕೆ ಕರೆಯೋಣ ಅಂದರೆ ಒಬ್ಬರ ಫೋನ್ ನಂಬರೂ ಇರಲಿಲ್ಲ. ನಿಮಗೆ ನಂಬರಿಗೆ ಮುಂಚೆ ಬಿಸಿಬೇಳೆಬಾತೇ ಸಿಕ್ಕಿದೆ. ಒಳ್ಳೆಯದೇ ಆಯಿತು.

ಚಳಿ ಇರುತ್ತದೆ. ಕೋಟು ಇಲ್ಲೇ ಬಂದು ಕೊಳ್ಳಿ, ಬೆಂಗಳೂರಿನದು ಸಾಲದು.

ಸಾಮಾನಿಗೆ ಬಂದರೆ, ಮನೆಯಲ್ಲಿ ಕುಟ್ಟಿಸಿದ ಪುಡಿಗಳು, ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ ತನ್ನಿ, ಎಲ್ಲ ಸೇರಿ ಎರಡು ಕೆಜಿ ಮೀರುವುದು ಬೇಡ. ಆರು ತಿಂಗಳಿಗೆ ಘಮ ಹೋಗುತ್ತದೆ; ಅರ್ಧ ಕೆಜಿ ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕಿ. ಹಸಿ ಕರಿಬೇವು ತರಬೇಡಿ. ನಿಂಬೆ, ಕಿತ್ತಳೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗವನ್ನು ಹೊರುವ ಕೀಟ ಅದರ ಮೇಲೂ ಕೂರುತ್ತದೆ ಅಂತ ತಡೆಯುತ್ತಾರೆ. ಅಕ್ಕಿಯೂ ಬೇಡ, ಖಾಪ್ರಾ ಅನ್ನುವ ಹುಳುವಿನ ಭಯಕ್ಕೆ ಕಿತ್ತುಕೊಳ್ಳುತ್ತಾರೆ. ಎರಡೂ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ. ತಿನ್ನುವ ಪದಾರ್ಥ ಏನೇ ಇರಲಿ, ವಿಮಾನ ನಿಲ್ದಾಣದಲ್ಲಿ "ಇದೆ" ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ 10,000 ಡಾಲರ್‌ವರೆಗೂ ಹೋಗಬಹುದು.

ಇನ್ನು ಬಿಸಿಬೇಳೆಬಾತು. ಕೂಟದ ಊಟಕ್ಕೆ ಹತ್ತಾರು ಮನೆಯವರು ಒಂದೊಂದು ಐಟಂ ತರುತ್ತಾರೆ, ಹಾಗಾಗಿ ತಟ್ಟೆಗೆ 250 ಗ್ರಾಂ ಲೆಕ್ಕ ಹಿಡಿದರೆ ಸಾಕು. ಸೋನಾ ಮಸೂರಿ 1 ಕೆಜಿ, ತೊಗರಿಬೇಳೆ 750 ಗ್ರಾಂ, ತರಕಾರಿ ಒಂದೂಕಾಲು ಕೆಜಿ (ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ), ಹುಣಸೆಹಣ್ಣು 125 ಗ್ರಾಂ, ಪುಡಿ 125 ಗ್ರಾಂ, ಬೆಲ್ಲ 60 ಗ್ರಾಂ, ತುಪ್ಪ 200 ಗ್ರಾಂ, ನೀರು ಒಟ್ಟು 8 ಲೀಟರ್. ಉಪ್ಪು ಮೊದಲು 70 ಗ್ರಾಂ ಹಾಕಿ, ಕೊನೆಗೆ ರುಚಿ ನೋಡಿ ಏರಿಸಿ. ಹತ್ತು ಕೆಜಿ ಮೇಲೆ ಬರುತ್ತದೆ, ದೊಡ್ಡ ಅಲ್ಯುಮಿನಿಯಂ ಫಾಯಿಲ್ ಟ್ರೇ ಒಂದಕ್ಕೆ ಕಂಠಪೂರ್ತಿ. ಒಂದರಲ್ಲೇ ತುಂಬಿದರೆ ಎತ್ತುವಾಗ ನಡು ಬಗ್ಗಿ ಕಾರಿನ ಸೀಟಿಗೆ ನೈವೇದ್ಯ. ಎರಡು ಸಣ್ಣ ಟ್ರೇಗೆ ಹಂಚಿ, ಕೆಳಗೆ ಬೇಕಿಂಗ್ ತಟ್ಟೆ ಕೊಡಿ.

ಮನೆಯಲ್ಲಿ ಮಾಡುವ ಹಾಗೆ ಎಲ್ಲ ಒಟ್ಟಿಗೆ ಹಾಕಿ ಬೇಯಿಸಲು ಹೋಗಬೇಡಿ. ಇಲ್ಲಿನ ಬಾಡಿಗೆ ಮನೆಗಳ ಕರೆಂಟು ಒಲೆ ಸುರುಳಿ ಮುಟ್ಟಿದ ಕಡೆಯಷ್ಟೇ ಕಾಯುತ್ತದೆ, ದೊಡ್ಡ ಪಾತ್ರೆಯ ತಳ ಸೀಯುತ್ತದೆ, ಸೀದ ವಾಸನೆಯನ್ನು ಎಷ್ಟು ತುಪ್ಪ ಸುರಿದರೂ ಮುಚ್ಚಲಾಗದು. ಅನ್ನ, ಬೇಳೆ ಎರಡನ್ನೂ ಕುಕ್ಕರಿನಲ್ಲಿ ಬೇರೆ ಬೇರೆಯಾಗಿ, ಎರಡೆರಡು ಸಲಕ್ಕೆ ಬೇಯಿಸಿ. ಬೇಳೆಯ ನೊರೆ ಏರುವುದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ತರಕಾರಿ ಬರೀ ನೀರಲ್ಲಿ ಬೆಂದ ಮೇಲೆಯೇ ಹುಣಸೆರಸ ಬೀಳಬೇಕು. ಹುಳಿ ಮೊದಲೇ ಬಿದ್ದರೆ ಬೇಳೆಯಾಗಲಿ ನವಿಲುಕೋಸಾಗಲಿ ಎಷ್ಟು ಹೊತ್ತು ಕುದಿಸಿದರೂ ಮೆತ್ತಗಾಗದು. ಹುಣಸೆರಸ, ಪುಡಿ, ಬೆಲ್ಲ ಹತ್ತು ನಿಮಿಷ ಕುದಿದು ಹಸಿವಾಸನೆ ಹೋದ ಮೇಲೆ ಅನ್ನ, ಬೇಳೆ ಕೂಡಿಸಿ.

ಎಲ್ಲರೂ ಎಡವುವುದು ಹದದಲ್ಲಿ. ಮನೆಯಲ್ಲಿ ಇಳಿಸಿ ಐದು ನಿಮಿಷಕ್ಕೆ ಬಡಿಸುತ್ತೀರಿ. ಇಲ್ಲಿ ನೀವು ಇಳಿಸಿ, ಹಾಲ್ ಸೇರಿ, ನಾಡಗೀತೆ, ಮಕ್ಕಳ ನೃತ್ಯ, ಅಧ್ಯಕ್ಷರ ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಎರಡೂವರೆ ಗಂಟೆ. ಅಷ್ಟರಲ್ಲಿ ಅನ್ನ ನೀರು ಕುಡಿದು ಬಾತು ಚಾಕುವಿನಲ್ಲಿ ಕೊಯ್ಯುವ ಹಾಗೆ ಆಗಿರುತ್ತದೆ. ಇಳಿಸುವಾಗ ಸೌಟಿನಿಂದ ಸುರಿಯುವಷ್ಟು ತೆಳ್ಳಗಿರಲಿ, ಉಪ್ಪು ಹುಳಿ ಒಂದು ಗುಲಗಂಜಿ ಮುಂದಿರಲಿ, ಒಂದೂವರೆ ಲೀಟರ್ ಕುದಿಯುವ ನೀರು ಫ್ಲಾಸ್ಕಿನಲ್ಲಿ ಜೊತೆಗೆ ಬರಲಿ. ಬಡಿಸುವ ಮುಂಚೆ ಅಂಚಿನಿಂದ ಹೊಯ್ದು ಮಗುಚಿ. ತುಪ್ಪದ ಒಗ್ಗರಣೆ ಡಬ್ಬಿಯಲ್ಲಿ ಬೇರೆ ತಂದು ಆಗ ಹಾಕಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಒಲೆ ಮೇಲಿನ ಫ್ಯಾನು ಹೊಗೆಯನ್ನು ಮನೆಯೊಳಕ್ಕೇ ಊದುತ್ತದೆ, ಮೆಣಸಿನಕಾಯಿ ಸಿಡಿದ ಕ್ಷಣಕ್ಕೆ ಸ್ಮೋಕ್ ಅಲಾರಂ ಅರಚುತ್ತದೆ.

ಹೊರಡುವ ತನಕ ಟ್ರೇಗಳಿಗೆ ಫಾಯಿಲ್ ಮುಚ್ಚಿ 200 ಡಿಗ್ರಿ ಫ್ಯಾರನ್‌ಹೀಟ್ ಅವನ್‌ನಲ್ಲಿಡಿ. ಬಾತು 140 ಡಿಗ್ರಿಗಿಂತ ತಣ್ಣಗಾಗಿ ಎರಡು ಗಂಟೆ ಕೂರಬಾರದು. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ, ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಕಾರುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಟ್ರೇ ಮುಂದೆ ಒಂದು ಚೀಟಿ ಇಡಿ: ಗೋಡಂಬಿ ಇದೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಆಗದ ಮಗುವಿನ ತಾಯಿ ಬಂದು ಕೇಳಿದರೆ "ಬರೀ ಅನ್ನ ಬೇಳೆ ಅಷ್ಟೇ" ಅಂದುಬಿಡಬೇಡಿ.

ಪರಿಚಯದ ಪ್ರಶ್ನೆಗೆ ಅರ್ಧ ಉತ್ತರ ಆ ಟ್ರೇಯಲ್ಲೇ ಇದೆ. ಪುಡಿ ಯಾರದು ಅಂತ ಕೇಳಿಕೊಂಡು ನಾಲ್ಕು ಜನ ಬರುತ್ತಾರೆ. "ಬನ್ನಿ ಒಂದ್ಸಲ ಮನೆಗೆ" ಅಂದರೆ ಇಲ್ಲಿ ಯಾರೂ ಬರುವುದಿಲ್ಲ, ಅದು ನಮಸ್ಕಾರದ ಇನ್ನೊಂದು ರೂಪ. ಶನಿವಾರ, ಹನ್ನೆರಡೂವರೆ, ಮಕ್ಕಳೂ ಸೇರಿ ಎಷ್ಟು ಜನ, ಖಾರ ಆಗುತ್ತದಾ, ಇಷ್ಟನ್ನು ಕೇಳಿ ಕರೆಯಿರಿ.

ನೀವು ಕೇಳದ ಒಂದು ವಿಷಯವಿದೆ, ನಾನು ತಪ್ಪಿದ್ದು ಅಲ್ಲೇ. ಸಾವಾದ ಮನೆಗೆ ಹೋಗಿ "ಏನಾದರೂ ಬೇಕಿದ್ದರೆ ಹೇಳಿ" ಅಂದು ಬರಿಗೈಲಿ ಬಂದೆ. ಅವರು ಹೇಳಲಿಲ್ಲ. ಯಾರೂ ಹೇಳುವುದಿಲ್ಲ.

ಊರಲ್ಲಿ ಇದನ್ನು ಕಲಿಸಬೇಕಾಗಿಲ್ಲ. ಹೆಣ ಎತ್ತುವ ತನಕ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ, ಸಂಜೆಯೊಳಗೆ ಎಲ್ಲ ಮುಗಿದಿರುತ್ತದೆ. ಇಲ್ಲಿ ಕಾಗದಪತ್ರ, ದೂರದಿಂದ ಬರಬೇಕಾದ ಮಕ್ಕಳು, ಫ್ಯೂನರಲ್ ಹೋಮಿನಲ್ಲಿ ಸಿಗುವ ದಿನ, ಇವೆಲ್ಲ ಸೇರಿ ದಹನಕ್ಕೆ ನಾಲ್ಕೈದು ದಿನ ಹಿಡಿಯುವುದುಂಟು. ಅಷ್ಟು ದಿನವೂ ಒಲೆ ತಣ್ಣಗಿರುವ ಮನೆಗಳಿವೆ. ಮೊದಲ ಸಂಜೆ ಐದು ಮನೆಯಿಂದ ಐದು ಪುಳಿಯೋಗರೆ ಬರುತ್ತದೆ, ನಾಲ್ಕನೇ ದಿನ ಯಾರೂ ಇರುವುದಿಲ್ಲ. ಆದ್ದರಿಂದ ಮನೆಯವರನ್ನು ಬಿಟ್ಟು, ಅವರಿಗೆ ಹತ್ತಿರದವರೊಬ್ಬರು ದಿನ, ಹೊತ್ತು, ತಲೆ ಎಣಿಸಿ ಪಟ್ಟಿ ಹಿಡಿಯಬೇಕು.

ಕೊಡುವುದು ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ. ಸಿಹಿ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ. ಸೂತಕದಲ್ಲಿ ಒಗ್ಗರಣೆ ಹಾಕದ ಮನೆಗಳಿವೆ, ಬೇರೆ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣದವರೂ ಇದ್ದಾರೆ. ಅಂಥವರಿಗೆ ಹಾಲು, ಹಣ್ಣು, ಅವಲಕ್ಕಿ. ಸ್ಟೀಲ್ ಡಬ್ಬಿಯಲ್ಲಿ ಒಯ್ಯಬೇಡಿ. ಬರಿ ಪಾತ್ರೆ ವಾಪಸ್ ಕೊಡಬಾರದು ಅಂತ ನಮ್ಮವರ ಕೈಗೆ ಅಂಟಿಹೋಗಿದೆ, ಆ ದುಃಖದಲ್ಲೂ ಅದಕ್ಕೊಂದು ಹಿಡಿ ಸಕ್ಕರೆ ಹುಡುಕುತ್ತಾರೆ. ಎಸೆಯುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ತಾರೀಕು ಬರೆಯಿರಿ. ಹೊರಡುವಾಗ "ಬರ್ತೀನಿ" ಅನ್ನಬಾರದು, ಗೊತ್ತಲ್ಲ.

ಹೆಚ್ಚು ಸಲ ಸಾವು ಊರಲ್ಲಿ ಆಗಿರುತ್ತದೆ, ಫೋನು ಇಲ್ಲಿಗೆ ಬಂದಿರುತ್ತದೆ. ಆ ರಾತ್ರಿಯೇ ವಿಮಾನ. ಅವರು ಪೆಟ್ಟಿಗೆ ತುಂಬುತ್ತಿರುವಾಗ ನಾಲ್ಕು ಚಪಾತಿ, ಒಣ ಪಲ್ಯ ಸುತ್ತಿ ಕೊಡಿ. ಮೊಸರನ್ನ ಕೈಚೀಲದಲ್ಲಿದ್ದರೆ ಸೆಕ್ಯೂರಿಟಿಯಲ್ಲಿ ತೆಗೆಸುವ ಸಂಭವ ಹೆಚ್ಚು. ಮನೆಯ ಕೀಲಿ ಇಸಿದುಕೊಳ್ಳಿ. ಅವರು ತಿರುಗಿ ಬರುವ ಹಿಂದಿನ ಸಂಜೆ ಹೀಟರ್ ಏರಿಸಿ, ಫ್ರಿಜ್ಜಿನಲ್ಲಿ ಅರ್ಧ ಗ್ಯಾಲನ್ ಹಾಲು, ಮೊಸರು, ಒಂದು ಡಬ್ಬಿ ಅನ್ನ, ಒಂದು ಡಬ್ಬಿ ಸಾರು ಇಟ್ಟು ಬನ್ನಿ.

ಪಾತ್ರೆ ಮರೆತೇಬಿಟ್ಟೆ. ಐದು ಲೀಟರಿನ ಕುಕ್ಕರ್ ಒಂದು, ಅದಕ್ಕೆ ಗ್ಯಾಸ್ಕೆಟ್ ಎರಡು ಹೆಚ್ಚಿಗೆ, ತಳ ಸಪಾಟಾಗಿದೆಯೇ ನೋಡಿ. ಮಿಕ್ಸಿ ತರಬೇಡಿ, ಇಲ್ಲಿ 110 ವೋಲ್ಟಿನದೇ ಬೇಕು.