ಪಿಕ್ಯಾಡಿಲಿ ಸರ್ಕಸ್‌ನಲ್ಲಿ ದೀಪದ ಜಾಹೀರಾತುಗಳು ಒಂದೇ ಬದಿಯಲ್ಲಿ ಯಾಕಿವೆ?

ಮುಖ್ಯ ಕಾರಣ ಜಾಗದ ಒಡೆತನ. ಲಂಡನ್ನಿನ ಆ ವೃತ್ತದ ಸುತ್ತಲಿನ ಹೆಚ್ಚಿನ ಕಟ್ಟಡಗಳು ಬ್ರಿಟಿಷ್ ರಾಜಪದವಿಯ ಆಸ್ತಿಗೆ, ಅಂದರೆ ಕ್ರೌನ್ ಎಸ್ಟೇಟ್‌ಗೆ ಸೇರಿದವು. ಅವುಗಳ ಗುತ್ತಿಗೆ ಕರಾರಿನಲ್ಲಿ ಇಂಥ ಫಲಕಗಳಿಗೆ ಅವಕಾಶವೇ ಇರಲಿಲ್ಲ. 1886ರಲ್ಲಿ ಶಾಫ್ಟ್ಸ್‌ಬರಿ ಅವೆನ್ಯೂ ಎಂಬ ಹೊಸ ರಸ್ತೆ ತೆರೆದಾಗ ವೃತ್ತದ ಈಶಾನ್ಯ ಬದಿ ಒಡೆದುಹೋಯಿತು. ಅಲ್ಲಿನ ಕಟ್ಟಡಗಳಿಗೆ ಈ ಕರಾರು ಅನ್ವಯಿಸಲಿಲ್ಲ. 1908ರಲ್ಲಿ ಪೆರಿಯೆ ನೀರಿನ ಜಾಹೀರಾತು ಬೆಳಗಿದ್ದೂ ಆ ಬದಿಯಲ್ಲೇ. ಅಲ್ಲಿನ ಮೊದಲ ದೀಪದ ಫಲಕ ಅದೇ ಎನ್ನುತ್ತಾರೆ.

ಹಾಗಾದರೆ ಕಾನೂನು ಏನು ಮಾಡುತ್ತಿತ್ತು? ಚಾವಣಿಯ ಮೇಲೆ ಚೌಕಟ್ಟು ನಿಲ್ಲಿಸಿ ಆಕಾಶಕ್ಕೆ ಎದುರಾಗಿ ಅಕ್ಷರ ಕಟ್ಟುವುದನ್ನು ತಡೆಯಲು ಲಂಡನ್ನಿಗೆ 1891ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. 1907ರ ಜಾಹೀರಾತು ನಿಯಂತ್ರಣ ಕಾಯ್ದೆ 12 ಅಡಿಗಿಂತ ಎತ್ತರದ ಹೋರ್ಡಿಂಗ್‌ಗಳಿಗೆ, ಉದ್ಯಾನ ಮತ್ತು ರಮ್ಯ ತಾಣಗಳ ನೋಟ ಕೆಡಿಸುವ ಫಲಕಗಳಿಗೆ ಬೈಲಾ ಮಾಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಆದರೆ ಪೇಟೆಯ ನಡುವೆ ಕಟ್ಟಡದ ಗೋಡೆಗೇ ಅಂಟಿಕೊಂಡು ಮಿನುಗುವ ಬಲ್ಬುಗಳು ಈ ಎರಡರ ನಡುವಿನ ಸಂದಿಯಲ್ಲಿ ನುಸುಳಿದವು. ನನಗೆ ಇದೇ ಬಹಳ ಮುಖ್ಯವೆನಿಸುತ್ತದೆ: ಎಲ್ಲರೂ ನೋಡಲೇಬೇಕಾದ ಬೀದಿಯ ರೂಪವನ್ನು ನಗರಾಡಳಿತಕ್ಕಿಂತ ಹೆಚ್ಚಾಗಿ ಒಬ್ಬ ಭೂಮಾಲೀಕನ ಕರಾರು ಪತ್ರ ತೀರ್ಮಾನಿಸಿತು.

ಎರಡನೇ ಮಹಾಯುದ್ಧ ಶುರುವಾದಾಗ, 1939ರಲ್ಲಿ, ಆ ದೀಪಗಳೆಲ್ಲ ಆರಿದವು. ಮತ್ತೆ ಬೆಳಗಿದ್ದು 1949ರಲ್ಲಿ.